ಆರು ಬೆರಳಿನ ಹುಲಿಯವರಿಗೊಂದು ಬಹಿರಂಗ ಪತ್ರ

ಮತ್ತಿಕೆರೆ, ಬೆಂಗಳೂರು

ಮೊನ್ನೆಯವರೆಗೂ ನಮ್ಮ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಿದ್ದ ಶ್ರೀಮಾನ್ ಹುಲಿಯವರಿಗೆ,

ಮತ್ತಿಕೆರೆಯ ಹಳೆಯ ನಿವಾಸಿಯೊಬ್ಬನ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ತಮ್ಮ ಹಲ್ಲಿನಿಂದಲೇ ತಿಳಿಯುತ್ತದೆ. ಬೇಸಿಗೆಯಲ್ಲಿ ಬಂದವರು ಮಳೆಗಾಲ ಹಿಡಿಯುವವರೆಗೂ ಒಂದು ಸಲವಾದರೂ ಬಾಯಿ ಮುಚ್ಚಿದ್ದನ್ನು ನಾನು ಕಾಣೆ.

ಈ ಪತ್ರವನ್ನು ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ತಮ್ಮ ಕಾಲ ಬುಡದಲ್ಲಿ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಣ್ಣುಮಗಳು “ಮಗನಿಗಾ ಸರ್, ಮಗಳಿಗಾ?” ಎಂದು ಕೇಳುತ್ತಾಳೆಯೇ ಹೊರತು ಹುಲಿಯ ಕೈಗೆ ಫೋನು ಕೊಡುವುದಿಲ್ಲ. ಆದ್ದರಿಂದ ಬಹಿರಂಗ.

ತಾವು ಬಂದದ್ದು ಪಿಯುಸಿ ಫಲಿತಾಂಶದ ಮರುವಾರ, ರಾತ್ರೋರಾತ್ರಿ. ಹತ್ತಡಿ ಅಗಲ, ಎಂಟಡಿ ಎತ್ತರ. ಕಪ್ಪು ಕನ್ನಡಕ, ಕೆಂಪು ಜಾಕೆಟ್ಟು, ಒಂದು ಕೈಯಲ್ಲಿ ಲೇಖನಿಯಂಥದ್ದು, ಇನ್ನೊಂದು ಕೈ ಎತ್ತಿ ಊರಿಗೆಲ್ಲ ಹೆಬ್ಬೆರಳು ತೋರಿಸುವ ಭಂಗಿ. ತಲೆಯ ಮೇಲೆ ‘ಅನಿಮೇಷನ್ ಪದವಿ, ಉದ್ಯಮಕ್ಕೆ ಬೇಕಾದ ಸಮಸ್ತ ಕೌಶಲ, 100% ಪ್ಲೇಸ್‌ಮೆಂಟ್’ ಎಂದು ದಪ್ಪ ಅಕ್ಷರ. ಪಾದದ ಬಳಿ ಇರುವೆ ಸಾಲಿನಂತೆ ‘ಷರತ್ತುಗಳು ಅನ್ವಯಿಸುತ್ತವೆ’. 2018ರಲ್ಲಿ ಹೈಕೋರ್ಟು ಗದರಿಸಿ, ಪಾಲಿಕೆ ಫ್ಲೆಕ್ಸನ್ನೇ ನಿಷೇಧಿಸಿದ ಊರು ಇದು. ಇಲ್ಲಿ ಇಷ್ಟು ನಿರ್ಭಯವಾಗಿ ನಿಲ್ಲಬೇಕಾದರೆ ಹುಲಿಯೇ ಆಗಿರಬೇಕು, ಇಲ್ಲವೇ ಕಾರ್ಪೊರೇಟರ್ ಹುಟ್ಟುಹಬ್ಬ ಆಗಿರಬೇಕು.

ನನ್ನ ಪರಿಚಯ ಹೇಳಲಿಲ್ಲ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೇಳು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಸಾಸಿವೆಗಿಂತ ಚಿಕ್ಕ ಚಕ್ರಗಳ ಹಲ್ಲು ಎಣಿಸಿದವನಿಗೆ ಎಣಿಕೆ ಒಂದು ಚಟ. ಮೆಟ್ಟಿಲು ಎಣಿಸುತ್ತೇನೆ, ಇಡ್ಲಿ ತಟ್ಟೆಯ ಕುಳಿ ಎಣಿಸುತ್ತೇನೆ. ಹಾಲು ತರಲು ಹೋದವನು ಒಂದು ಬೆಳಿಗ್ಗೆ ತಮ್ಮ ಎತ್ತಿದ ಕೈಯ ಬೆರಳು ಎಣಿಸಿದೆ. ಆರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಆರೇ.

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿಯನ್ನು ಕೇಳಿದೆ. ಕೊಪ್ಪಳ ಕಡೆಯವಳು, ನನ್ನನ್ನು ಕಾಕಾ ಅನ್ನುತ್ತಾಳೆ, ನಮ್ಮಾಕೆಯನ್ನು ಕಾಕು. ತಮ್ಮ ಸಂಸ್ಥೆಯಲ್ಲೇ ಅನಿಮೇಷನ್ ಪದವಿಯ ಮೂರನೇ ವರ್ಷ. “ಖರೇ ಹುಲಿಗೆ ಮುಂಗಾಲಿಗೆ ಐದು ಬೆರಳು ಇರ್ತಾವ ಕಾಕಾ. ಕಾರ್ಟೂನ್ ಹುಲಿಗೆ ನಾಕು. ಆರು ಇದ್ರ ಅದನ್ನ ಯಾರೂ ಬರದಿಲ್ಲ ಅಂತ ತಿಳೀರಿ. ಎಐಗೆ ಹೇಳಿ ಮಾಡಿಸ್ಯಾರ,” ಎಂದಳು.

ನಾಲ್ಕು ಯಾಕೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಲೆಕ್ಕ ನನ್ನಂಥ ಟೂಲ್ ರೂಮ್ ಮನುಷ್ಯನ ಮನಸ್ಸಿಗೆ ತಂಪೆರೆಯಿತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಕೈಯಲ್ಲಿ ಬಿಡಿಸುವವರು ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿ 12 ಚಿತ್ರದಲ್ಲಿ ಸೆಕೆಂಡು ದಾಟಿಸುತ್ತಾರೆ. ಎರಡು ಕೈಗೂ ಒಂದೊಂದು ಬೆರಳು ಕಡಿಮೆ ಮಾಡಿದರೆ ಸೆಕೆಂಡಿಗೆ 24 ಬೆರಳು ಉಳಿತಾಯ. ಒಂದೂವರೆ ಗಂಟೆ ಆ ಪಾತ್ರ ಪರದೆಯ ಮೇಲಿದ್ದರೆ 1,29,600 ಬೆರಳು! ಒಂದು ಬೆರಳು ಬಿಡಿಸುವ ಶ್ರಮ ಗೊತ್ತಿರುವವನು ಮಾತ್ರ ಬೆರಳು ಉಳಿಸುತ್ತಾನೆ. ಶ್ರಮವೇ ಇಲ್ಲದ ಕಡೆ ಒಂದು ಬೆರಳು ಕೊಸರು.

ಸ್ವಾಮಿ, ತಮ್ಮನ್ನು ನಿಲ್ಲಿಸಿದವರ ಆತ್ಮವಿಶ್ವಾಸಕ್ಕೆ ನಾನು ತಲೆಬಾಗಿದ್ದು ಇಲ್ಲಿಯೇ. ಚಿತ್ರ ಬರೆಯುವುದನ್ನು ಕಲಿಸುತ್ತೇವೆ ಎಂದು ಸಾರುವ ಸಂಸ್ಥೆಗೆ, ಆ ಸಾರುವ ಫಲಕಕ್ಕೊಂದು ಚಿತ್ರ ಬರೆಯಲು ತನ್ನ ಮಕ್ಕಳಲ್ಲಿ ಒಬ್ಬರೂ ಒದಗಲಿಲ್ಲ. ಅಡುಗೆ ಕಲಿಸುವ ಶಾಲೆಯವರು ತಮ್ಮ ಪ್ರಾರಂಭೋತ್ಸವಕ್ಕೆ ಹೋಟೆಲಿನಿಂದ ಊಟ ತರಿಸಿದರೆ ಅದು ಮುಜುಗರ. ಇದು ಹಾಗಲ್ಲ. ಆ ಊಟದಲ್ಲಿ ಕಲ್ಲು ಸಿಕ್ಕಿದೆ, ಬಡಿಸಿದವರಿಗೂ ಗೊತ್ತಾಗಿಲ್ಲ, ಎಲ್ಲರೂ ಹೆಬ್ಬೆರಳೆತ್ತಿ ನಗುತ್ತಿದ್ದಾರೆ.

ಕೌಶಲದ ವಿಷಯಕ್ಕೆ ಬರುತ್ತೇನೆ. ಫಲಕದಲ್ಲಿ ಅದು ‘ಸಮಸ್ತ’ ಎಂದಿತ್ತಲ್ಲ. ತಮ್ಮ ಹೊಟ್ಟೆಯ ಮೇಲೆ ಪದಕಗಳ ಹಾಗೆ ಹದಿನಾಲ್ಕು ಸಾಫ್ಟ್‌ವೇರುಗಳ ಗುರುತು ಅಂಟಿಸಿದ್ದರು. ಅದರಲ್ಲೊಂದರ ಹೆಸರು ಮಾಯಾ. ಜಗತ್ತೇ ಮಾಯೆ ಎಂದು ಪ್ರವಚನದಲ್ಲಿ ಎಷ್ಟು ಸಲ ಹೇಳಿದರೂ ನಂಬದ ನಮ್ಮಾಕೆ, ಮಾಯಾ ಕಲಿಯಲು ವರ್ಷಕ್ಕೆ ಇಷ್ಟು ಲಕ್ಷ ಎಂದು ಕೇಳಿದ ಕೂಡಲೇ ನಂಬಿದಳು.

ನಾನು ಕಾರ್ಖಾನೆ ಸೇರಿದಾಗ ನಮ್ಮ ತರಬೇತಿ ಹೇಗಿತ್ತೆಂದು ಹೇಳುತ್ತೇನೆ. ತಮಗೆ ನಗು ಬರಬಹುದು, ಹೇಗೂ ನಗುತ್ತಲೇ ಇದ್ದೀರಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ನಾನು ಹೋಗುವಷ್ಟರಲ್ಲಿ ಹೊಳೆಯುವ ಯಂತ್ರಗಳು ಸಾಲಾಗಿ ನಿಂತಿದ್ದವು. ನಮಗೆ ಅವನ್ನು ಮುಟ್ಟುವ ಹಾಗಿರಲಿಲ್ಲ. ಕೊಟ್ಟದ್ದು ಒಂದು ಉಕ್ಕಿನ ತುಂಡು, ಒಂದು ಅರ, ಒಂದು ಟ್ರೈ ಸ್ಕ್ವೇರ್. ವೈಸ್‌ಗೆ ಸಿಕ್ಕಿಸಿ ಉಜ್ಜು. ಉಜ್ಜಿದ್ದನ್ನು ಸ್ಕ್ವೇರ್‌ಗೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿ. ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜು. ಮೂರು ತಿಂಗಳು ಇದೇ. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಜಡ್ಡುಗಟ್ಟಿತು. “ಚಪ್ಪಟೆ ಅಂದ್ರೇನು ಅಂತ ಮೊದಲು ಕೈಗೆ ಗೊತ್ತಾಗ್ಲಿ ಕಣಯ್ಯ, ಆಮೇಲೆ ಮಿಷನ್ನು” ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಆ ಮೂರು ತಿಂಗಳಲ್ಲಿ ನಾನು ಒಂದು ಗಡಿಯಾರವನ್ನೂ ಮಾಡಲಿಲ್ಲ. ಆಮೇಲೆ ಮಾಡಿದ್ದೆಲ್ಲ ಆ ಮೂರು ತಿಂಗಳಿಂದ.

ಈ ಮಾತು ಯಾಕೆ ನೆನಪಾಯಿತೆಂದರೆ, ಹುಡುಗಿ ಒಂದು ದಿನ ತಾರಸಿಯ ಮೇಲೆ ಚೆಂಡು ಬೀಳಿಸುತ್ತಾ ಕೂತಿದ್ದಳು. ಕ್ರಿಕೆಟಿನ ಕಾರ್ಕ್ ಚೆಂಡು ಒಂದು, ಟೆನಿಸ್ ಚೆಂಡು ಒಂದು, ನೀರು ತುಂಬಿದ ಬಲೂನು ಒಂದು. ಕೆಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ನಮ್ಮಾಕೆ ಸೂರು ಕುಸಿಯಿತೆಂದು ಎದ್ದು ಕೂತಳು. ನಾನು ಜಗಳಕ್ಕೆಂದೇ ಮೇಲೆ ಹೋದವನು. ಹೋಗಿ ನೋಡಿದರೆ ಹುಡುಗಿ ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ಹಿಡಿದು ಫ್ರೇಮ್ ಎಣಿಸುತ್ತಿದ್ದಾಳೆ. ಎಣಿಸುವವರನ್ನು ಕಂಡರೆ ನನಗೆ ಜಗಳ ಮರೆತುಹೋಗುತ್ತದೆ.

“ನಮ್ಮ ಸರ್ ಹದಿನೇಳು ಸಲ ವಾಪಸ್ ಕೊಟ್ಟಾರ ಕಾಕಾ. ಚೆಂಡಿಗೆ ತೂಕ ಇಲ್ಲ ಅಂತಾರ.”

ಹಾಳೆ ನೋಡಿದೆ. ಪೆನ್ಸಿಲಿನ ದುಂಡುಗಳು ಸಾಲಾಗಿ ಏರಿ ಇಳಿದಿದ್ದವು. ಮೇಲೆ ಹೋದಾಗ ಒತ್ತೊತ್ತಾಗಿ, ಕೆಳಗೆ ಬರುವಾಗ ದೂರ ದೂರ. ಮೇಲೆ ಚೆಂಡು ತಡೆಯುತ್ತದೆ, ಕೆಳಗೆ ಧಾವಿಸುತ್ತದೆ; ಒತ್ತಾದರೆ ನಿಧಾನ, ದೂರವಾದರೆ ವೇಗ. ನೆಲ ಮುಟ್ಟಿದ ಕ್ಷಣ ರಬ್ಬರ್ ಚೆಂಡು ಚಪ್ಪಟೆಯಾಗಬೇಕು, ಆದರೆ ಎಷ್ಟು ಚಪ್ಪಟೆಯಾಯಿತೋ ಅಷ್ಟು ಅಗಲವಾಗಬೇಕು, ಇಲ್ಲದಿದ್ದರೆ ಚೆಂಡು ಸಣ್ಣದಾದ ಹಾಗೆ ಕಾಣುತ್ತದೆ. ಕಾರ್ಕ್ ಚೆಂಡು ಚಪ್ಪಟೆಯಾಗುವುದಿಲ್ಲ. ಅದರ ತೂಕ ಗೊತ್ತಾಗುವುದು ಅದು ಎಷ್ಟು ಕಡಿಮೆ ಏಳುತ್ತದೆ ಎನ್ನುವುದರಿಂದ. ನಾನು ಕಣ್ಣು ಮುಚ್ಚಿ ಸದ್ದು ಕೇಳಿದೆ. ಟಕ್... ಟಕ್.. ಟಕ್. ಟಕ್‌ಟಕ್‌ಟಕ್. ನಾವು ಮಾಡುತ್ತಿದ್ದ ಜನತಾ ಗಡಿಯಾರ ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ ಬಡಿಯುತ್ತಿತ್ತು. ಆ ಬಡಿತ ಈಗಲೂ ನನ್ನ ಕಿವಿಯಲ್ಲಿದೆ. “ನಿನ್ನ ಮೂರನೇ ಪುಟಿತ ತಡವಾಯ್ತು ಕಣಮ್ಮ, ಒಂದು ಟಿಕ್ಕು ಮೊದಲೇ ಬೀಳಬೇಕು” ಎಂದೆ. ಅವಳು ಐದು ಫ್ರೇಮ್ ಕಿತ್ತಳು. ಹದಿನೆಂಟನೆಯ ಸಲ ಪಾಸಾಯಿತು.

ಆ ಮೇಷ್ಟ್ರು ಯಾರೋ ನನಗೆ ಗೊತ್ತಿಲ್ಲ. ಗಂಟೆ ಲೆಕ್ಕದಲ್ಲಿ ಬಂದು ಹೋಗುವವರಂತೆ, ಹಿಂದೆ ಸ್ಟುಡಿಯೋದಲ್ಲಿ ದುಡಿದವರಂತೆ. ಹದಿನೇಳು ಸಲ ಹಾಳೆ ವಾಪಸ್ ಕೊಟ್ಟ ಆ ಪುಣ್ಯಾತ್ಮರ ಚಿತ್ರ ಫಲಕದಲ್ಲಿ ಇರಲಿಲ್ಲ. ತಮಗೆ ಜಾಗ ಬೇಕಿತ್ತಲ್ಲ.

ಅವಳ ಮೇಜಿನ ಮೇಲೊಂದು ದಪ್ಪ ಪುಸ್ತಕವಿದೆ. ಡಿಸ್ನಿ ಸ್ಟುಡಿಯೋದಲ್ಲಿ ಹಣ್ಣಾದ ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ಎಂಬಿಬ್ಬರು 1981ರಲ್ಲಿ ಬರೆದದ್ದು. ಚಿತ್ರಕ್ಕೆ ಜೀವ ಬರಿಸುವ ಹನ್ನೆರಡು ಸೂತ್ರ ಅದರಲ್ಲಿವೆ. ಕುಗ್ಗು ಹಿಗ್ಗು ಒಂದು. ಮಾಡುವ ಮುಂಚಿನ ಸನ್ನಾಹ ಇನ್ನೊಂದು: ಹಾಯುವ ಟಗರು ಮೊದಲು ಎರಡು ಹೆಜ್ಜೆ ಹಿಂದೆ ಸರಿಯುತ್ತದಲ್ಲ, ಅದು. ಮೈ ನಿಂತ ಮೇಲೂ ಸೆರಗು, ಜಡೆ, ಬಾಲ ಒಂದು ಗಳಿಗೆ ತಡೆದು ನಿಲ್ಲುವುದು ಮತ್ತೊಂದು. ಈ ಹನ್ನೆರಡನ್ನೂ ತಾನೇ ಮಾಡಿಕೊಡುವ ಗುಂಡಿ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ ಎಂದು ಹುಡುಗಿ ಹೇಳಿದಳು. ತಮ್ಮ ಹೊಟ್ಟೆಯ ಮೇಲೆ ಹದಿನಾಲ್ಕು ಗುರುತಿತ್ತು. ಅವುಗಳಲ್ಲಿ ಈ ಹನ್ನೆರಡು ನನಗೆ ಕಾಣಲಿಲ್ಲ.

ಬೆಕ್ಕು ಹುಲಿಗೆ ಎಲ್ಲ ವಿದ್ಯೆ ಹೇಳಿಕೊಟ್ಟು ಮರ ಹತ್ತುವುದೊಂದನ್ನು ಮಾತ್ರ ಉಳಿಸಿಕೊಂಡಿತು ಎಂಬ ಕತೆ ತಮ್ಮ ಮನೆತನದ್ದೇ. ಉಳಿಸಿಕೊಂಡದ್ದು ಏನು ಮಾಡುತ್ತದೆಂದು ಈಚೆಗೆ ಒಂದು ಬೆಕ್ಕು ತೋರಿಸಿತು. ‘ಫ್ಲೋ’ ಎಂಬ ಚಿತ್ರ. ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ್ದು. ಮಾತೇ ಇಲ್ಲ, ಒಂದು ಬೆಕ್ಕು, ಪ್ರವಾಹ, ದೋಣಿ. 2025ರಲ್ಲಿ ಅದಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ಅದಕ್ಕೆ ಕಾಸಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹುಡುಗಿಯ ಹಳೇ ಲ್ಯಾಪ್‌ಟಾಪಿನಲ್ಲೂ ಇದೆ. ಅಂದಮೇಲೆ ಫೀಸು ಕೊಡಬೇಕಾದದ್ದು ಸಾಫ್ಟ್‌ವೇರಿಗಲ್ಲ, ಹದಿನೇಳು ಸಲ ವಾಪಸ್ ಕೊಡುವವರಿಗೆ. ಆದರೆ ‘ನಿಮ್ಮ ಮಗುವಿನ ಕೆಲಸವನ್ನು ಹದಿನೇಳು ಸಲ ತಿರಸ್ಕರಿಸುತ್ತೇವೆ’ ಎಂದು ಫ್ಲೆಕ್ಸ್ ಹಾಕಿಸಿದರೆ ಯಾವ ಅಪ್ಪ ಸಾಲಕ್ಕೆ ಸಹಿ ಹಾಕುತ್ತಾನೆ ಹೇಳಿ.

ಇನ್ನು ನಡಿಗೆ. ಎರಡನೇ ವರ್ಷದಲ್ಲಿ ನಡೆಯುವುದನ್ನು ಕಲಿಯಬೇಕಂತೆ. ಹೆತ್ತವರು ಒಂದನೇ ವರ್ಷದಲ್ಲೇ ಕಲಿಸಿದ್ದಾರಲ್ಲ ಎಂದು ನಮ್ಮಾಕೆಯ ಪ್ರಶ್ನೆ. ಹುಡುಗಿ ಬೆಳಗಿನ ಆರಕ್ಕೇ ಜೆ.ಪಿ. ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು, ವಾಕಿಂಗಿಗೆ ಬರುವ ನಿವೃತ್ತರನ್ನು ಬರೆಯುತ್ತಿದ್ದಳು. ಮುಖ ಬರೆಯುತ್ತಿರಲಿಲ್ಲ, ಸೊಂಟ, ಭುಜ, ಹಿಮ್ಮಡಿಗಳ ಗೆರೆ ಮಾತ್ರ. ಕಡತ ಕಂಕುಳಲ್ಲೇ ಇದೆಯೇನೋ ಎಂಬಂತೆ ಒಂದು ಕೈ ಆಡಿಸದೆ ನಡೆಯುವ ಮಾಜಿ ಅಧಿಕಾರಿ. ಮಂಡಿನೋವಿನ ಕಾಲನ್ನು ನೆಲಕ್ಕೆ ಕೇಳಿ ಕೇಳಿ ಇಡುವ ಟೀಚರಮ್ಮ. ಮೊಮ್ಮಗನ ಬೂಟು ಹಾಕಿಕೊಂಡು ಹತ್ತು ವರ್ಷ ಚಿಕ್ಕವನಾಗಿ ಪುಟಿಯುವ ತಾತ.

ಒಂದು ಸಂಜೆ ಲ್ಯಾಪ್‌ಟಾಪ್ ತಂದು ನಮ್ಮೆದುರು ಇಟ್ಟಳು. ಬಿಳಿ ಹಾಳೆಯ ಮೇಲೆ ಕಡ್ಡಿಯಂಥ ಒಂದು ಆಕೃತಿ ಎರಡು ಹೆಜ್ಜೆ ನಡೆಯುತ್ತಿತ್ತು, ಅದೇ ಎರಡು ಹೆಜ್ಜೆ, ಮತ್ತೆ ಮತ್ತೆ. ಕಣ್ಣಿಲ್ಲ, ಮೂಗಿಲ್ಲ, ಬಟ್ಟೆಯಿಲ್ಲ. ನಮ್ಮಾಕೆ ಕಾಫಿ ಲೋಟ ಕೆಳಗಿಟ್ಟು, “ಅಯ್ಯೋ, ಇವರೇ!” ಎಂದಳು.

ನಾನು ನಂಬಲಿಲ್ಲ. ಆಮೇಲೆ ನೋಡಿದೆ. ಆಕೃತಿಯ ಬಲಭುಜ ಒಂದು ಗುಲಗಂಜಿಯಷ್ಟು ಕೆಳಗಿತ್ತು. ಬಲಗೈ ಬೀಸುವಾಗ ಪೂರ್ತಿ ಹಿಂದೆ ಹೋಗದೆ ಏನನ್ನೋ ಮುಂದಕ್ಕೆ ಒತ್ತುವ ಹಾಗೆ ತಡೆಯುತ್ತಿತ್ತು. ಮೂವತ್ತೇಳು ವರ್ಷ ವೈಸಿನ ಮುಂದೆ ನಿಂತು ಅರ ಒತ್ತಿದ ಭುಜ ಅದು. ನಿವೃತ್ತಿಯ ದಿನ ನನಗೆ ಹಾರ ಹಾಕಿದ್ದರು, ಭಾಷಣ ಮಾಡಿದ್ದರು, ಫೋಟೋ ತೆಗೆದಿದ್ದರು. ಆ ಯಾವುದರಲ್ಲೂ ಕಾಣದ ನನ್ನ ಸರ್ವಿಸ್ ರೆಕಾರ್ಡು ಹನ್ನೆರಡು ಪೆನ್ಸಿಲ್ ಚಿತ್ರದಲ್ಲಿ ನಡೆದು ಬರುತ್ತಿತ್ತು.

ಹುಲಿಯವರೇ, ಉದ್ಯಮಕ್ಕೆ ಬೇಕಾದ ಕೌಶಲ ಎಂದರೆ ಅದು. ಕೋಣೆಯಲ್ಲಿ ಕೂತವರು “ಇವರೇ!” ಎನ್ನಬೇಕು. ತಮ್ಮ ಜಾಕೆಟ್ಟಿನ ಜಿಪ್ಪು ಬಹಳ ನಿಜವಾಗಿತ್ತು, ಒಪ್ಪುತ್ತೇನೆ. ಮೀಸೆಯ ಒಂದೊಂದು ಕೂದಲೂ ಹೊಳೆಯುತ್ತಿತ್ತು. ಆದರೆ ತಮ್ಮನ್ನು ನೋಡಿ ಇಡೀ ಮತ್ತಿಕೆರೆಯಲ್ಲಿ ಒಬ್ಬರೂ “ಇವರೇ” ಎನ್ನಲಿಲ್ಲ.

ಅವಳಿಗೆ ಆ ಕಣ್ಣು ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ಅವರ ಜಿಲ್ಲೆಯ ಮೋರನಾಳದಲ್ಲಿ ಭೀಮವ್ವ ಶಿಳ್ಳೇಕ್ಯಾತರ ಎಂಬ ಹಿರಿಯ ಜೀವವಿದೆ. ತೊಂಬತ್ತು ದಾಟಿದ ಆ ತಾಯಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ತೊಗಲನ್ನು ಬೆಳಕು ಹಾಯುವಷ್ಟು ಹೆರೆದು, ಬಣ್ಣ ಕಟ್ಟಿ, ತೋಳು ಬೇರೆ ಮೊಣಕೈ ಬೇರೆ ಕತ್ತರಿಸಿ, ದಾರದ ಗಂಟಿನಿಂದ ಕೂಡಿಸಿ, ಹಿಂದೆ ದೀಪ ಇಟ್ಟು ಆಡಿಸುವ ವಿದ್ಯೆ. “ನಾವು ಕಂಪ್ಯೂಟರ್‌ನಾಗ ರಿಗ್ ಅಂತೀವಲ್ರೀ ಕಾಕಾ, ಅದು ಇದ ನೋಡ್ರಿ. ಕೀಲು ಎಲ್ಲಿ ಹಾಕಬೇಕು ಅನ್ನೂದ ಎಲ್ಲಾ,” ಎಂದು ಹುಡುಗಿ ಹೇಳಿದಾಗ ನನಗೆ ಕಿಟಕಿಗೆ ಹಿಡಿದ ನನ್ನ ಟ್ರೈ ಸ್ಕ್ವೇರ್ ನೆನಪಾಯಿತು. ಅವಳ ಮೇಜಿನ ಮೇಲೂ ಒಂದು ಬೆಳಕಿನ ಪೆಟ್ಟಿಗೆ ಇದೆ. ಹಾಳೆಯ ಮೇಲೆ ಹಾಳೆ ಇಟ್ಟು, ಕೆಳಗಿನ ಗೆರೆಗಿಂತ ಮೇಲಿನ ಗೆರೆ ಎಷ್ಟು ಸರಿಯಿತೆಂದು ಬೆಳಕಿನಲ್ಲೇ ನೋಡುತ್ತಾಳೆ. ಮೂರು ಕಸುಬಿಗೂ ತಪ್ಪು ತೋರಿಸುವುದು ಹಿಂದಿನಿಂದ ಬರುವ ಬೆಳಕು. ತಮ್ಮ ಮೇಲೆ ರಾತ್ರಿಯಿಡೀ ಎರಡು ಫೋಕಸ್ ಲೈಟು ಹಾಕಿದ್ದರು, ಮುಂದಿನಿಂದ.

ಈಗ ಆ ನೂರು ಶೇಕಡಾ. ಒಂದು ರಾತ್ರಿ ಊಟಕ್ಕೆ ಕೂತಾಗ, ಹಿಂದಿನ ವರ್ಷ ಓದಿ ಹೊರಬಿದ್ದವರು ಏನು ಮಾಡುತ್ತಾರೆ ಎಂದು ನಮ್ಮಾಕೆ ವಿಚಾರಿಸಿದಳು. ಬಹಳಷ್ಟು ಮಂದಿ ರೋಟೋ ಎಂದಳು ಹುಡುಗಿ. ಹಾಗಂದರೆ? ಸಿನಿಮಾದಲ್ಲಿ ಹೀರೋ ಹಾರುತ್ತಾನಲ್ಲ, ಅವನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬಿಡಿಸುವುದು. ಆಮೇಲೆ ಪೇಂಟ್ ವಿಭಾಗದವರು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಅಳಿಸುತ್ತಾರೆ. “ಅಷ್ಟು ಸಾಲ ಮಾಡಿ ಓದಿ ಹಗ್ಗ ಅಳಿಸೋದೇನೇ?” ಎಂದಳು ನಮ್ಮಾಕೆ. ಕೆಲಸ ಕೀಳಲ್ಲ, ನಾನೂ ಮೂರು ತಿಂಗಳು ಉಜ್ಜಿದವನು. ಆದರೆ ಉಜ್ಜಿದ ಮೇಲೆ ನನ್ನನ್ನು ಯಂತ್ರದ ಬಳಿ ಕರೆದರು. ಈಗ ಹಗ್ಗ ಅಳಿಸುವ ಕೆಲಸವನ್ನೇ ಯಂತ್ರಕ್ಕೆ ಕಲಿಸುತ್ತಿದ್ದಾರೆ. ಮೊದಲ ಮೆಟ್ಟಿಲನ್ನು ಕಿತ್ತು ಮಹಡಿ ತೋರಿಸುವ ವಾಸ್ತುಶಿಲ್ಪ ಇದು. ಮಹಡಿಗೆ ಹಾರಬಲ್ಲಷ್ಟು ಕಾಲು ಗಟ್ಟಿಯಿದ್ದವರು ಮಾತ್ರ ಉಳಿಯುತ್ತಾರೆ, ಆ ಕಾಲು ಬರುವುದು ಚೆಂಡಿನಿಂದ, ನಡಿಗೆಯಿಂದ.

ಉದ್ಯಮವೇ ಇಲ್ಲವೆಂದು ನಾನು ಹೇಳುವವನಲ್ಲ. ತಮ್ಮ ಜಾತಿಯವರದ್ದೇ ಚರಿತ್ರೆ ತೆಗೆಯೋಣ. 2016ರ ‘ದಿ ಜಂಗಲ್ ಬುಕ್’ ಚಿತ್ರದ ಶೇರ್ ಖಾನ್ ಸಾಹೇಬರು ಎಂಪಿಸಿ ಸ್ಟುಡಿಯೋದ ಕೂಸು. ಆ ಕಾಡನ್ನೂ ಅದರ ಪ್ರಾಣಿಗಳನ್ನೂ ಕಟ್ಟಿದವರಲ್ಲಿ ಅದರ ಬೆಂಗಳೂರು ಶಾಖೆಯ ನೂರಾರು ಕೈಗಳಿದ್ದವು. ಆ ಚಿತ್ರದ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಅದಕ್ಕೂ ಮುಂಚೆ, 2012ರ ‘ಲೈಫ್ ಆಫ್ ಪೈ’ ಚಿತ್ರದ ದೋಣಿಯಲ್ಲಿ ರಿಚರ್ಡ್ ಪಾರ್ಕರ್ ಎಂಬ ಹುಲಿಯಿತ್ತು. ಅದಕ್ಕೆ ಜೀವ ಕೊಟ್ಟ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ಮುಂಬೈ, ಹೈದರಾಬಾದುಗಳಲ್ಲೂ ಸ್ಟುಡ‍ಿಯೋ ಇತ್ತು. ಅದಕ್ಕೂ ಆಸ್ಕರ್ ಬಂತು, 2013ರ ಫೆಬ್ರವರಿಯಲ್ಲಿ. ಬರುವ ಕೆಲವೇ ದಿನ ಮುಂಚೆ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ವೇದಿಕೆಯ ಮೇಲೆ ಪ್ರಶಸ್ತಿ ಹಿಡಿದವರು ಆ ಮಾತೆತ್ತಿದ ಕೂಡಲೇ ವಾದ್ಯ ಬಾರಿಸಿ ಅವರ ಬಾಯಿ ಮುಚ್ಚಿಸಿದರು. ಇನ್ನು 2025ರ ಫೆಬ್ರವರಿಯಲ್ಲಿ ಎಂಪಿಸಿಯ ಒಡೆಯರಾದ ಟೆಕ್ನಿಕಲರ್ ಸಮೂಹವೇ ಕುಸಿದು, ಬೆಂಗಳೂರು, ಮುಂಬೈಗಳ ಸಾವಿರಾರು ಮಂದಿ ಬೀದಿಯಲ್ಲಿ ನಿಂತರು. ಶೇರ್ ಖಾನನಿಗೆ ಕೂದಲು ಹಚ್ಚಿದವರೂ ಅವರಲ್ಲಿ ಇದ್ದಿರಬಹುದು. ಆ ಹುಲಿಗಳಿಗೆಲ್ಲ ಬೆರಳು ಸರಿಯಾಗಿಯೇ ಇತ್ತು, ಆದರೂ ಹೀಗಾಯಿತು.

ನಾನು ಅವರನ್ನು ನೋಡಿ ನಗಲಾರೆ. ನನ್ನ ಕಾಲದಲ್ಲಿ ಎಚ್‌ಎಂಟಿ ಕೆಲಸ ಅಂದರೆ ಹೆಣ್ಣು ಕೊಡುವವರು ಜಾತಕವನ್ನೂ ಕೇಳುತ್ತಿರಲಿಲ್ಲ. ಅದೇ ನಮ್ಮ ನೂರು ಶೇಕಡಾ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ದೇಶದ ಕೈಗೆಲ್ಲ ಹೊತ್ತು ಕಟ್ಟಿದ ಕಾರ್ಖಾನೆಯ ಹೊತ್ತು ಮುಗಿಯಿತು. ಈಗ ಅದೇ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ಇದೆ. ಅಲ್ಲಿ ಡಿಜಿಟಲ್ ಆಟಗಳ ವಿನ್ಯಾಸ ಕಲಿಸುತ್ತಾರೆ. ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2012ರಲ್ಲೇ, ಬೇರೆ ರಾಜ್ಯಗಳಿಗಿಂತ ಮೊದಲು, ಕರ್ನಾಟಕ ಅನಿಮೇಷನ್ನಿಗೆಂದು ನೀತಿ ತಂದಿತು. 2017ರಲ್ಲಿ ಎರಡನೆಯದು, ಈಗ 2024–29ರದ್ದು ಮೂರನೆಯದು. ಮಹದೇವಪುರದಲ್ಲಿ ಇದಕ್ಕೆಂದೇ ಉತ್ಕೃಷ್ಟತಾ ಕೇಂದ್ರವಿದೆ. ಆದರೂ ಸ್ವಾಮಿ, ನೀತಿಗೆ ಐದು ವರ್ಷ ಆಯುಷ್ಯ, ಕಂಪನಿಗೆ ಅದರ ಸಾಲ ಇರುವಷ್ಟು. ಕಾರ್ಖಾನೆ ಮುಚ್ಚಿದ ಮೇಲೂ ನನ್ನ ಜೊತೆ ಮನೆಗೆ ಬಂದದ್ದು ಒಂದೇ, ಕೈ. ಈಗಲೂ ಬೀದಿಯವರೆಲ್ಲ ನಿಂತ ಗಡಿಯಾರ ಹಿಡಿದು ನಮ್ಮ ಗೇಟಿಗೇ ಬರುತ್ತಾರೆ.

ತಮ್ಮ ವಂಶದಲ್ಲಿ ನನಗೆ ಬಹಳ ಗೌರವವಿರುವುದು ಅರ್ಬುತನ ಮೇಲೆ. ಪುಣ್ಯಕೋಟಿಯ ಕತೆ ತಾವು ಕೇಳಿರಬೇಕು. ಆ ಹಳೆಯ ಗೋವಿನ ಹಾಡನ್ನು ನಮ್ಮ ಬೆಂಗಳೂರಿನ ವಿ. ರವಿಶಂಕರ್ ಅನಿಮೇಷನ್ ಚಿತ್ರ ಮಾಡಿದರು, ಅದೂ ಸಂಸ್ಕೃತದಲ್ಲಿ. ಜನರಿಂದ ದುಡ್ಡು ಕೂಡಿಸಿ, ಬೇರೆ ಬೇರೆ ಊರಿನಲ್ಲಿದ್ದ ಕಲಾವಿದರಿಂದ ವರ್ಷಗಟ್ಟಲೆ ಬರೆಸಿ, 2020ರಲ್ಲಿ ತೆರೆಗೆ ತಂದರು. ಪ್ಲೇಸ್‌ಮೆಂಟ್ ಸೆಲ್ ಅವರಿಗೆ ಸಹಾಯ ಮಾಡಿದ ವರದಿ ಇಲ್ಲ. ಆ ಕತೆಯ ಹುಲಿ, ಕೊಟ್ಟ ಮಾತಿಗೆ ತಪ್ಪದ ಹಸುವನ್ನು ಕಂಡು ನಾಚಿ ಪ್ರಾಣವನ್ನೇ ಬಿಟ್ಟಿತು. ತಾವು ತಲೆಯ ಮೇಲೆ ‘100%’ ಹೊತ್ತು, ಪಾದದ ಬಳಿ ‘ಷರತ್ತು’ ಮೆಟ್ಟಿ ನಿಂತು ಇಡೀ ಬೇಸಿಗೆ ನಗುತ್ತಲೇ ಇದ್ದಿರಿ. ಕುಲ ಒಂದೇ ಆದರೂ ಶೀಲ ಒಂದೇ ಇರಬೇಕೆಂದಿಲ್ಲ.

ಬರುವ ವರ್ಷ ತಮ್ಮ ತಮ್ಮಂದಿರನ್ನು ಯಾರಾದರೂ ಹೀಗೆ ಕಟ್ಟಲು ಬಂದರೆ ಫಲಕದ ಒಕ್ಕಣೆಗೆ ನನ್ನದೊಂದು ಕರಡು ಇದೆ, ಪುಕ್ಕಟೆ ಕೊಡುತ್ತೇನೆ. ‘ಮೊದಲ ವರ್ಷ ಚೆಂಡು, ಎರಡನೇ ವರ್ಷ ನಡಿಗೆ. ಪೆನ್ಸಿಲು ಸಂಸ್ಥೆಯದು, ತಾಳ್ಮೆ ನಿಮ್ಮದು. ಕಲಿಸುವವರು ಮಾಡಿದ ಕೆಲಸವನ್ನು ಬಂದು ನೋಡಿ. ಹೋದ ವರ್ಷ ಓದಿದವರ ಒಂದು ನಿಮಿಷದ ಶೋರೀಲು ಇಲ್ಲಿ ತೋರಿಸಲಾಗುವುದು. ಚೆನ್ನಾಗಿಲ್ಲದಿದ್ದರೆ ಮನೆಗೆ ಹೋಗಿ. ಕೆಲಸ ಸಿಗಬಹುದು. ಸಿಕ್ಕ ಕಂಪನಿ ಮುಚ್ಚಲೂಬಹುದು.’ ಮೂಲೆಯಲ್ಲಿ ಒಂದು ಹುಲಿ, ವಿದ್ಯಾರ್ಥಿಯ ಕೈಯಲ್ಲಿ ಬರೆದದ್ದು, ಸೊಟ್ಟಗಿದ್ದರೂ ಪರವಾಗಿಲ್ಲ. ಬೆರಳು ನಾಲ್ಕಿರಲಿ.

ಕೊನೆಗೆ ತಮ್ಮ ಸದ್ಯದ ವಿಳಾಸದ ವಿಷಯ. ಹೋದ ವಾರದ ಗಾಳಿಮಳೆಗೆ ತಾವು ಒಂದು ಕಡೆಯ ಹಗ್ಗ ಕಿತ್ತುಕೊಂಡು ನೇತಾಡುತ್ತಿದ್ದಿರಿ. ಪ್ರವೇಶ ಮುಗಿದಿತ್ತಲ್ಲ, ಸಂಸ್ಥೆಯಿಂದ ಯಾರೂ ವಿಚಾರಿಸಲು ಬರಲಿಲ್ಲ. ಎಳನೀರು ಗಾಡಿಯವನು ಬಂದು ತನ್ನ ಗಾಡಿಯ ಚಪ್ಪರಕ್ಕೆಂದು ಇಳಿಸಿಕೊಂಡ. ಗಾಡಿಯ ಅಳತೆಗೆ ತಾವು ಸ್ವಲ್ಪ ಅಗಲವಾದಿರಿ. ಅಂಚನ್ನು ಮಚ್ಚಿನಿಂದ ಹರಿದು ಸರಿಮಾಡಿದ. ಆ ಕೊಯ್ತದಲ್ಲಿ ಆರನೆಯ ಬೆರಳು ಹೋಯಿತು. ತಮ್ಮ ಜನ್ಮದಲ್ಲಿ ತಮ್ಮ ಮೇಲೆ ಕೈಯಾಡಿಸಿದ ಮೊದಲ ಕಸುಬುದಾರ ಅವನೇ. ಎಲ್ಲರೂ ಹೇಳುವ ಪ್ಲೇಸ್‌ಮೆಂಟು ಕಡೆಗೂ ತಮಗಾದರೂ ಆಯಿತಲ್ಲ, ಅಭಿನಂದನೆ.

ನಿನ್ನೆ ಸಂಜೆ ನಾನು, ಹುಡುಗಿ ಎಳನೀರು ಕುಡಿಯುತ್ತಾ ನಿಂತಿದ್ದೆವು. ಗಾಡಿಯವನು ತಮ್ಮ ಕೆಳಗೊಂದು ಬಲ್ಬು ಉರಿಸಿದ. ಬೆಳಕು ಮೊದಲ ಸಲ ಹಿಂದಿನಿಂದ ಬಂದು ತಾವು ತೊಗಲುಗೊಂಬೆಯ ಹಾಗೆ ಮಂಕಾಗಿ ಹೊಳೆದಿರಿ. ಅಷ್ಟರಲ್ಲಿ ಯಶವಂತಪುರದ ಕಡೆಯಿಂದ ಒಂದು ಬೀಸುಗಾಳಿ ಬಂತು. ತಮ್ಮ ಹೊಟ್ಟೆ ಉಬ್ಬಿ ಇಳಿಯಿತು, ಆಮೇಲೆ ತಲೆ, ಅದು ನಿಂತ ಮೇಲೂ ಅಂಚಿನಲ್ಲಿದ್ದ ಬಾಲ ಒಂದು ಗಳಿಗೆ ಹೊಯ್ದಾಡಿ ತಡವಾಗಿ ನಿಂತಿತು.

ಹುಡುಗಿ ಬುರುಡೆ ಕೆಳಗಿಟ್ಟು ಚೀಲದಿಂದ ಪುಸ್ತಕ ತೆಗೆದಳು. “ಅಲ್ಲೇ ನಿಂದರ್ರಿ ಕಾಕಾ, ಬೆಳಕಿಗೆ ಅಡ್ಡ ಬರಬ್ಯಾಡ್ರಿ,” ಎಂದು ತಮ್ಮ ಬಾಲವನ್ನು ಬರೆದುಕೊಳ್ಳತೊಡಗಿದಳು.

ಮೂರು ತಿಂಗಳಲ್ಲಿ ತಾವು ಒಬ್ಬರಿಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ಫೀಸು ಎಷ್ಟೆಂದು ತಿಳಿಸಿದರೆ ಎಳನೀರಿನ ಲೆಕ್ಕಕ್ಕೆ ಸೇರಿಸಿ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮತ್ತಿಕೆರೆಯ ಮನೆ ಮಾಲೀಕ, ನಿವೃತ್ತ ಫಿಟ್ಟರ್
(ಬೆರಳು: ಐದು)